ಬೀಸುಕಲ್ಲಿನ ದೂರು

ಸಿಂದಗಿಯ ಆ ಓಣಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಸಿದ್ದಲಿಂಗವ್ವ ಬೀಸುಕಲ್ಲು ಬಿಟ್ಟಿರಲಿಲ್ಲ. ಕಲ್ಲು ತಿರುಗಿದರೆ ಬಾಯಲ್ಲಿ ಪದ ತಾನೇ ಹುಟ್ಟುತ್ತಿತ್ತು. ಎದುರಿಗೆ ಕೂತು ಸೊಲ್ಲು ಹಿಡಿಯುವವಳು ಸೊಸೆ ಕಸ್ತೂರೆವ್ವ; ಹನ್ನೆರಡು ವರ್ಷದಿಂದ ಅದೇ ರೂಢಿ. ಸಾವಿರದ ಒಂಬೈನೂರ ಎಪ್ಪತ್ತಾರರ ಚಳಿಗಾಲದ ಒಂದು ಬೆಳಿಗ್ಗೆ ಅತ್ತೆ ಹೊಸ ಪದ ಎತ್ತಿದಳು:

ಹಾಲುಂಡ ಮನಿಯಾಗ ಹಾವೊಂದು ಹೊಕ್ಕೈತಿ
ಸಾಲೋಟಗಿಯಾಕಿ ಬೋರಮಾಳಕ ಕಣ್ಣಿಟ್ಟು
ಮ್ಯಾಲ ನಗತಾಳ ಮಳ್ಳಿ ಹಾಂಗ.

ಸಾಲೋಟಗಿ ಕಸ್ತೂರೆವ್ವನ ತವರು. ಅವಳ ಕೈ ಗೂಟದ ಮೇಲೇ ನಿಂತಿತು. ಪದ ಕೇಳಿಸಿಕೊಂಡ ಗಂಡ ಶ್ರೀಶೈಲಪ್ಪ ಟ್ರಂಕು ತೆಗೆದು ನೋಡಿದ. ಅವ್ವನ ಬಂಗಾರದ ಬೋರಮಾಳ ಸರ ಇರಲಿಲ್ಲ.

"ಅವ್ವ ಸುಳ್ಳ ಪದಾ ಕಟ್ಟಾಕಿ ಅಲ್ಲ," ಎಂದ. ಅಂದೇ ಟ್ರಂಕಿಗೆ ಕೀಲಿ ಬಿತ್ತು.

ಕಸ್ತೂರೆವ್ವನಿಗೆ ಅತ್ತೆಯ ಮೇಲೇ ಗುಮಾನಿ. ಸಾರಿಗೆ ಎರಡು ಸಲ ಉಪ್ಪು ಸುರಿದು 'ಸೊಸಿ ಹಾಕ್ಯಾಳ' ಎನ್ನುವುದು, ಉಂಡೆದ್ದು ಓಣಿಯವರೆದುರು 'ಹಸದೇನಿ' ಎಂದು ಅಳುವುದು, ಎಲ್ಲ ತನ್ನನ್ನು ಓಡಿಸುವ ಸೋಗು ಎಂದೇ ನಂಬಿದಳು. ನೆರೆಮನೆಯ ರಮಜಾನಬಿಯೂ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಸರದ ಸಂಗತಿ ಇವಳಿಗೇನಾದರೂ ಗೊತ್ತೇ? ಕಸ್ತೂರೆವ್ವ ಅವಳನ್ನೂ ಸಂಶಯದಿಂದ ನೋಡತೊಡಗಿದಳು.

ಹದಿನೈದು ದಿನದ ಮೇಲೆ, ಮಗ ಬೀಸುವ ಕೋಣೆಯ ಬಾಗಿಲಿಗೆ ಬಂದಾಗ ಸಿದ್ದಲಿಂಗವ್ವ ಗಡಬಡಿಸಿ ಸೆರಗು ಎಳೆದುಕೊಂಡಳು. "ಯಾರ್ರಿ ನೀವು? ಮನ್ಯಾಗ ಗಂಡಸರಿಲ್ಲ, ಹೊರಗ ನಿಂದರ್ರಿ."

"ಅವ್ವಾ, ನಾನ ಶೈಲ್ಯಾ."

ಅವಳು ಕಲ್ಲು ತಿರುವಿ, ನಡುಗುವ ದನಿಯಲ್ಲಿ ಕೂಗುವಂತೆ ಹಾಡಿದಳು:

ಮಗ ಬರುವ ಹೊತ್ತಾತು ಮುಗಿಲೆಲ್ಲ ಬೆಳಗಾತು
ಹಗಲಗಳ್ಳೊಬ್ಬ ನಿಂತಾನ ಬಾಗಿಲದಾಗ
ಲಗುಬಗೆಲಿ ಬಾರೋ ಮಗರಾಯ.

ಶ್ರೀಶೈಲಪ್ಪ ಹಿಂದೆ ಸರಿದು ಬಾಗಿಲ ಹೊರಗೆ ನಿಂತ. ಗೋಡೆಯಾಚೆ ಕೇಳಿಸಿಕೊಂಡ ರಮಜಾನಬಿ ಓಡಿ ಬಂದಳು. ಕೈಯಲ್ಲಿ ಅರಿವೆಯ ಗಂಟು, ಗಂಟಿನಲ್ಲಿ ಬೋರಮಾಳ.

"ನಿಮ್ಮ ಅತ್ತೀನ ಇದನ್ನ ನನ್ನ ಕಡೆ ಇಟ್ಟಾಳ, ಕಸ್ತೂರಿ. ಸೊಸಿ ಕಸಗೊಳ್ತಾಳ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ಳು. ನಾ ಖರೇ ಅಂತ ನಂಬಿದ್ನಿ. ಸ್ವಂತ ಮಗನ್ನ ಕಳ್ಳ ಅಂದಮ್ಯಾಗ ತಿಳೀತವ್ವ, ಆಕಿಗೆ ಅರುವು ಹೋಗೇತಿ."

ಗಂಡ ಟ್ರಂಕಿನ ಕೀಲಿಕೈ ಚಾಚಿದ. "ನೀವ ಇಟ್ಕೋರಿ," ಎಂದಳು ಕಸ್ತೂರೆವ್ವ, ಅವನ ಮುಖ ನೋಡದೆ. ಸೋಗು ಎಂದು ತಾನೂ ಎಣಿಸಿದ್ದು ನೆನೆದು ಅತ್ತೆಯ ಎದುರಿಗೆ ಕೂತು ಕಲ್ಲಿನ ಗೂಟ ಹಿಡಿದಳು.

ಸಿದ್ದಲಿಂಗವ್ವ ಇನ್ನೆರಡು ವರ್ಷ ಬದುಕಿದಳು. ಪದಗಳು ಸಾಲುಸಾಲಾಗಿ ಉದುರಿ, ಕಡೆಗೆ ಬರೀ ಧಾಟಿ ಉಳಿಯಿತು. ಸಂಶಯ ಮಾತ್ರ ಬಿಡಲಿಲ್ಲ. ರೊಟ್ಟಿಯಲ್ಲಿ ವಿಷವಿದೆಯೆಂದು ಬಾಯಿ ಬಿಗಿಹಿಡಿಯುತ್ತಿದ್ದಳು. ಕಸ್ತೂರೆವ್ವ ಮೊದಲ ತುತ್ತು ತಾನೇ ತಿಂದು ತೋರಿಸುವಳು. ಅವಳು ನುಂಗುವವರೆಗೂ ಮುದುಕಿ ಗಂಟಲನ್ನೇ ನೋಡುತ್ತ ಕೂತು, ಆಮೇಲೆ ಬಾಯಿ ತೆರೆಯುವಳು.