ನೂರಕ್ಕೆ ಆರರಷ್ಟು ನಿಧಾನ

ಇಂದು ಎಂಬ ಸೌಂಡ್ ಎಂಜಿನಿಯರ್ ಮಣಿಕಂಠನ ಸಹಿಗಾಗಿ ಕೊಡಿಗೇಹಳ್ಳಿಗೆ ಹೋದದ್ದು ಒಂದು ಶುಕ್ರವಾರ ಬೆಳಿಗ್ಗೆ. ಸಂಜಯನಗರದ ಅವಳ ಸ್ಟುಡಿಯೋದಲ್ಲಿ ಕೆಲಸವೆಲ್ಲ ಮುಗಿದಿತ್ತು. 1989ರಲ್ಲಿ ಇನ್ನೂರೇ ಇನ್ನೂರು ಕ್ಯಾಸೆಟ್ಟುಗಳಲ್ಲಿ ಹೊರಬಂದಿದ್ದ ‘ತೂಬು’ ಎಂಬ ಆಲ್ಬಮ್ಮನ್ನು ಚೆನ್ನೈನ ಸಣ್ಣ ಕಂಪನಿಯೊಂದು ಈಗ ಎಲ್‌ಪಿ ರೆಕಾರ್ಡಾಗಿ ತರುವುದಿತ್ತು. ಮೊದಲು ರೆಕಾರ್ಡ್ ಮಾಡಿದ್ದ ದೊಡ್ಡ ಸ್ಪೂಲ್ ಟೇಪು ಉಳಿದಿರಲಿಲ್ಲ. ಸಿಕ್ಕಿದ್ದ ನಾಲ್ಕು ಕ್ಯಾಸೆಟ್ಟುಗಳಲ್ಲಿ ಕಡಿಮೆ ಸವೆದಿದ್ದನ್ನು ಆರಿಸಿ ಇಂದು ಎರಡು ತಿಂಗಳು ಕೂತು ಶುದ್ಧ ಮಾಡಿದ್ದಳು. ಇನ್ನು ಬೇಕಿದ್ದದ್ದು ಹಾಡಿದವನ ಒಪ್ಪಿಗೆ, ಅದೂ ಸೋಮವಾರದೊಳಗೆ.

ತಂಡದಲ್ಲಿದ್ದವರು ಮೂರೇ ಜನ. ಹೆಬ್ಬಾಳದ ಕೃಷಿ ಕಾಲೇಜಿನ ಹಾಸ್ಟೆಲಿನಿಂದ ಊರಿಗೆ ಹೊರಟ ವಿದೇಶಿ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಒಂದು ರಟ್ಟಿನ ಪೆಟ್ಟಿಗೆ ಕ್ಯಾಸೆಟ್ಟುಗಳನ್ನು ಕೇಳಿ ತಲೆಕೆಟ್ಟ ಹುಡುಗರು. ಮಣಿಕಂಠ ಹಾಡುತ್ತ ಬೇಸ್ ಗಿಟಾರ್ ನುಡಿಸುತ್ತಿದ್ದ. ಯಶವಂತ್ ಗಿಟಾರ್, ವಾಜಿದ್ ಡ್ರಮ್ಸ್. ರೈಲ್ವೆ ಗೇಟಿನ ಹತ್ತಿರ ದಿನಾ ಕಾಯುತ್ತಿದ್ದುದಕ್ಕೆ ತಂಡದ ಹೆಸರು ‘ಗೇಟ್ ಬಂದ್’ ಎಂದಾಯಿತು. ಮಣಿಕಂಠನ ಮನೆಯ ಹಿಂದೆ ದ್ರಾಕ್ಷಿ ತುಂಬುವ ಶೆಡ್ಡಿತ್ತು. ಅಲ್ಲಿ ಎರಡು ದಿನದಲ್ಲಿ ಎಂಟು ಹಾಡು ಮುಗಿಸಿದರು. ಮುಂದೆ ಇನ್ನೊಂದು ಆಲ್ಬಮ್ ಬರಲಿಲ್ಲ. ಯಶವಂತ್ 2009ರಲ್ಲಿ ತೀರಿಕೊಂಡ.

ಇಂದು ‘ತೂಬು’ ಕೇಳಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಯಲಹಂಕದಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಯಾರೋ ಫೋನಿಗೆ ಹಾಕಿಕೊಟ್ಟದ್ದು. ಇಳಿಯುವ ಸ್ಟಾಪು ದಾಟಿ ಹೋಗಿತ್ತು. ಇಂಥ ಮಂಕು ರಾಕ್ ಸಂಗೀತಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಬೇಸ್ ಮುಂದೆ ಮುಂದೆ ನಡೆಯುತ್ತದೆ. ಗಿಟಾರ್ ತಡವಾಗಿ, ಕತ್ತಲಲ್ಲಿ ಬಾಗಿಲು ತಡಕುವವರ ಹಾಗೆ, ಅದರ ಹಿಂದೆ ಬರುತ್ತದೆ. ಮೇಲೆ ಬಾವಿಯ ತಳದಿಂದ ಎದ್ದು ಬಂದಂಥ ಒಂದು ದನಿ:

ತೂಬು ತೆಗೆದರೂ ನೀರು ಹೋಗಲಿಲ್ಲ,
ನೀರಿಗೆ ಹೋಗಲು ಊರಿರಲಿಲ್ಲ.

ಕೊನೆಯ ಚರಣಕ್ಕೆ ಮುಂಚೆ ಎಂಟು ತಾಳದಷ್ಟು ಹೊತ್ತು ಮೂವರೂ ಸುಮ್ಮನಾಗುತ್ತಾರೆ. ಹಿಂದಿನಿಂದ ಬರುತ್ತಿದ್ದ ಹಾರ್ಮೋನಿಯಂ ಶ್ರುತಿಯೊಂದೇ ಉಳಿಯುತ್ತದೆ. ಆ ಎಂಟು ತಾಳವನ್ನು ಇಂದು ನೂರಾರು ಸಲ ಕೇಳಿದ್ದಳು, ಒಂದು ಸಲವೂ ಸಲೀಸಾಗಿ ಉಸಿರಾಡಿರಲಿಲ್ಲ. ಅವಳು ಶಬ್ದದ ಕೆಲಸ ಕಲಿತದ್ದೇ ಅದರಿಂದ. ಅವಳೊಬ್ಬಳೇ ಅಲ್ಲ, ಆಲ್ಬಮ್ ಬಂದಾಗ ಹುಟ್ಟಿಯೇ ಇರದಿದ್ದ ಹುಡುಗ ಹುಡುಗಿಯರು ಅದರ ಸಾಲುಗಳನ್ನು ಹಾಸ್ಟೆಲ್ ಗೋಡೆಗಳ ಮೇಲೆ ಬರೆದುಕೊಂಡಿದ್ದರು.

ಮಣಿಕಂಠನಿಗೆ ಈಗ ಐವತ್ತೆಂಟು. ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದ್ದಾನೆ. ತಾನು ಮಾತ್ರ ಹಳೆಯ ಮನೆಯಲ್ಲೇ ತಾಯಿ, ಹೆಂಡತಿ, ಮಗನ ಸಂಸಾರದೊಂದಿಗೆ ಇದ್ದಾನೆ. ಕಾಗದ ನೋಡಿ ಜೇಬಿನಿಂದ ಪೆನ್ನು ತೆಗೆದ.

"ಸೈನ್ ಆಕ್ತೀನಿ ಕಣಮ್ಮ. ಆದ್ರೆ ಅದುನ್ನ ನನ್ ಮುಂದೆ ಕೇಳುಸ್ಬೇಡ."

"ಯಾಕ್ ಸರ್?"

"ಆ ದನಿ ನಂದಲ್ಲ."

ತಮಾಷೆ ಇರಬೇಕೆಂದು ಇಂದು ನಕ್ಕಳು. ಅವನು ನಗಲಿಲ್ಲ.

"ಆ ಎಲ್ಡು ದಿನ ಗಂಟ್ಲಿಗೆ ಅದೇನೋ ಬಂದಿತ್ತು. ಆಮೇಲೆ ಒಂಟೋಯ್ತು. ಕ್ಯಾಸೆಟ್ ಬಂದ್ಮೇಲೆ ಕೃಷಿ ಕಾಲೇಜಲ್ಲಿ ಪ್ರೋಗ್ರಾಮ್ ಮಾಡುದ್ವಿ. ಮೂರ್ನೇ ಸಾಂಗಿಗೇ ಇಂದ್ಗಡೆಯಿಂದ ಕೂಗ್ತಾರೆ, ‘ಕ್ಯಾಸೆಟ್ಟಲ್ಲಿರೋನ್ನ ಕರುಸ್ರೋ’ ಅಂತ. ಯಶವಂತ ಆ ಕ್ಯಾಸೆಟ್ನೇ ಆಕ್ಕೊಂಡು ಅದ್ರ ಸುತಿಗೇ ಗಿಟಾರ್ ತಂತಿ ಸಡ್ಲ ಮಾಡ್ಕಂಡ. ‘ನಾವ್ ನುಡ್ಸಿದ್ದೇ ಇಂಗೆ, ನೀನೇ ಮೇಲಕ್ಕೋಗ್ತಿದೀಯ’ ಅಂದ. ಬೀಡಿ ಸೇದ್ದೆ, ಐಸ್ ನೀರು ಕುಡ್ದೆ. ಅಷ್ಟ್ ಕೆಳಕ್ಕೆ ದನಿ ಇಳೀಲೇ ಇಲ್ಲ. ಬಿಟ್ಬುಟ್ಟೆ."

"ಮನೇಲೂ ಹಾಡಲ್ವಾ?"

"ಭಜನೇಲಿ ತಾಳ ತಟ್ತೀನಿ."

ಒಳಗಿನಿಂದ ಅವನ ತಾಯಿ ನಾರಾಯಣಮ್ಮ ಕಾಫಿ ಹಿಡಿದು ಬಂದರು. ಎಂಬತ್ತು ದಾಟಿದ ಹೆಂಗಸು, ಮಾತು ಮಾತ್ರ ಜೋರು. "ಅದ್ರಾಗೆ ನಾನೂ ಇವ್ನಿ ಗೊತ್ತೇನವ್ವ? ಈ ಮೂರ್ ಜನುಕ್ಕೆ ಆರ್ಮೋನಿಯಂ ಪೆಟ್ಗೆ ಒತ್ತಕ್ಕೂ ಬರ್ತಿರ್ನಿಲ್ಲ. ಕಪ್ಪು ಎರಡು, ಅದೇ ಎಲ್ಡ್ನೇ ಕಪ್ಪು ಮನೆ, ಇಡ್ಕಂಡು ಕೂತ್ಕೊ ಅಂದ್ರು, ಕೂತ್ಕಂಡೆ. ಎಲ್ಡು ದಿನ ಕೈ ನೋವು."

ಹಾರ್ಮೋನಿಯಂ ಬೆಂಚಿನ ಮೇಲೆ ಟವೆಲು ಹೊದ್ದು ಕೂತಿತ್ತು. ಶನಿವಾರದ ಭಜನೆಗೆ ಈಗಲೂ ಅದೇ. ಆ ಎಂಟು ತಾಳದ ಶ್ರುತಿ ಹುಟ್ಟಿದ ಮನೆ ಇದು! ಇಂದು ಕೇಳಿಯೇಬಿಟ್ಟಳು: "ಅಜ್ಜಿ, ಒಂದ್ಸಲ ಒತ್ತಲಾ?"

"ಒತ್ತು. ಕಪ್ಪು ಎರಡು ವಸಿ ಕರಕರ ಅಂತದೆ. ರಿಪೇರಿ ಮಾಡುಸ್ಬೇಕು ಅಂತ ನಮ್ಮತ್ತೆ ಕಾಲದಿಂದ ಅಂದ್ಕೊತಾ ಇವ್ನಿ."

ಇಂದು ತಿದಿ ಎಳೆದು ಎರಡನೆಯ ಕಪ್ಪು ಮನೆಯ ಕೀಲಿ ಒತ್ತಿದಳು. ಕರಕರ ಬಂತು, ಅವಳಿಗೆ ಕಂಠಪಾಠವಾಗಿದ್ದ ಅದೇ ಕರಕರ. ಆದರೆ ಶ್ರುತಿ ಅದಲ್ಲ, ಇದು ಮೇಲಿತ್ತು. ಬೇರೆ ಮನೆಗಳನ್ನು ಒತ್ತಿ ನೋಡಿದಳು. ಯಾವುದರಲ್ಲೂ ಕರಕರವಿಲ್ಲ. ಹೊರಗೆ ಜಗಲಿಗೆ ಹೋಗಿ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಕ್ಯಾಸೆಟ್ಟಿನ ಶ್ರುತಿ ಎರಡನೆಯ ಬಿಳಿ ಮನೆಗಿಂತಲೂ ಕೂದಲೆಳೆಯಷ್ಟು ಕೆಳಗೆ, ಯಾವ ಮನೆಗೂ ಸೇರದ ಜಾಗದಲ್ಲಿತ್ತು. ಹಾರ್ಮೋನಿಯಮ್ಮಿನಲ್ಲಿ ಅಂಥ ಸ್ವರವೇ ಇಲ್ಲ.

ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಕ್ಯಾಸೆಟ್ಟು ನಿಧಾನವಾಗಿ ಓಡಿದೆ. ಹಳೆಯ ಫೋಟೋ ಒಂದು ಬೇಕು, ಭಾನುವಾರ ಬಂದು ಎಲ್ಲ ಒಟ್ಟಿಗೆ ಮಾಡಿಸಿಕೊಳ್ಳುತ್ತೇನೆ ಎಂದು ಏನೋ ಹೇಳಿ, ಕಪ್ಪು ಎರಡರ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸಹಿ ಹಾಕಿಸದೆ ಹೊರಟಳು.

ಸಂಜೆ ಆರ್.ಟಿ. ನಗರಕ್ಕೆ ಹೋದಳು. ವಾಜಿದ್‌ನ ಚಿಕ್ಕಪ್ಪನಿಗೆ ಮೈಕ್ ಸೆಟ್ ಬಾಡಿಗೆಯ ಅಂಗಡಿ ಇತ್ತು, ಈಗ ಅದೇ ಜಾಗದಲ್ಲಿ ವಾಜಿದ್ ಸ್ಟೇಜ್ ಲೈಟುಗಳನ್ನು ಬಾಡಿಗೆಗೆ ಕೊಡುತ್ತಾನೆ.

"ಸ್ಪೂಲಿಂದ ಮೊದಲ ಕ್ಯಾಸೆಟ್ ಎಲ್ಲಿ ಮಾಡಿದ್ರಿ ಸರ್?"

"ಅದಾ? ಬಾಗಲೂರಲ್ಲಿ, ಒಂದು ಮದುವೇಲಿ." ಅವನು ಹಲ್ಲು ಬಿಟ್ಟ. "ಸ್ಪೂಲ್ ಮಿಷಿನ್ನು ಚಾಚಾದು, ಯಾವಾಗ್ಲೂ ಮೈಕ್ ಸೆಟ್ ವ್ಯಾನಲ್ಲೇ ಇರ್ತಿತ್ತು. ಕ್ಯಾಸೆಟ್ ಅಂಗ್ಡಿಯವ್ನು ಸೋಮವಾರ ಕಾಪಿ ಬೇಕೇ ಬೇಕು ಅಂದ. ನಂಗೆ ಮೂರು ದಿನ ಮದುವೆ ಡ್ಯೂಟಿ. ಶಾಮಿಯಾನ ಹಿಂದೆ ಜನರೇಟರ್ ಪಕ್ಕ ಕೂತ್ಕೊಂಡೇ ಮಾಡ್ದೆ."

"ಎರಡೂ ಮಿಷಿನ್ನು ಜನರೇಟರಿಗೇನಾ?"

"ಸ್ಪೂಲು ಮಾತ್ರ. ಇನ್ನೊಂದಕ್ಕೆ ಪಾಯಿಂಟ್ ಎಲ್ಲಿತ್ತು? ಪೂರಾ ಸೀರಿಯಲ್ ಸೆಟ್ಟು ಬೇಟಾ. ತೆಂಗಿನ ಮರಕ್ಕೆ, ಕಾಂಪೌಂಡಿಗೆ, ಎತ್ತಿನ ಕೊಟ್ಟಿಗೆಗೂ ಲೈಟು! ಜನರೇಟರ್ ತಿಣುಕ್ತಾ ಇತ್ತು ಪಾಪ. ಟೇಪ್ ರೆಕಾರ್ಡರಿಗೆ ಹೊಸಾ ಸೆಲ್ ಹಾಕ್ದೆ."

"ಕೇಳಿ ನೋಡ್ಲಿಲ್ವಾ?"

"ಪಕ್ಕದಲ್ಲಿ ಓಲಗ ಊದ್ತಾ ಇದ್ರೆ ಏನ್ ಕೇಳ್ಲಿ? ಮೀಟರ್ ಮುಳ್ಳು ಆಡ್ತಿತ್ತು, ಅಷ್ಟೇ ನೋಡಿದ್ದು. ಮುಂದಿನ ವಾರ ಚಾಚಾ ಅದೇ ಸ್ಪೂಲ್ ಮೇಲೆ ಹರಿಕಥೆ ರೆಕಾರ್ಡ್ ಮಾಡ್ಬಿಟ್ರು. ಯಾಕೆ, ಏನಾದ್ರೂ ಲಫಡಾನಾ?"

"ಇಲ್ಲ ಸರ್, ಸುಮ್ನೆ ಕೇಳ್ದೆ."

ಲೆಕ್ಕ ಸರಿಹೋಯಿತು. ಸ್ಪೂಲ್ ಮಿಷಿನ್ನಿನ ಮೋಟಾರು ಕರೆಂಟಿನ ಆವರ್ತನವನ್ನು ಹಿಂಬಾಲಿಸುತ್ತದೆ. ಲೈಟುಗಳ ಹೊರೆಗೆ ಜನರೇಟರ್ ಕುಗ್ಗಿದಾಗ ಮೋಟಾರೂ ಕುಗ್ಗಿದೆ. ಸೆಲ್ಲಿನ ಟೇಪ್ ರೆಕಾರ್ಡರ್ ಸರಿಯಾದ ವೇಗದಲ್ಲಿ ಓಡುತ್ತ ಆ ನಿಧಾನವನ್ನು ಹಾಗೇ ಹಿಡಿದುಕೊಂಡಿದೆ. ಇನ್ನೂರು ಕ್ಯಾಸೆಟ್ಟುಗಳಿಗೂ ಆ ಮೊದಲ ಕಾಪಿಯೇ ತಾಯಿ. ಸ್ಟುಡಿಯೋಗೆ ಬಂದು ಫೋನಿನಲ್ಲಿದ್ದ ಶ್ರುತಿಗೆ ಹೊಂದಿಸಿದಾಗ ವ್ಯತ್ಯಾಸ ನೂರಕ್ಕೆ ಆರು ಎಂದು ಬಂತು. ಮೂವತ್ತೆಂಟು ನಿಮಿಷ ಇಪ್ಪತ್ನಾಲ್ಕು ಸೆಕೆಂಡಿನ ಆಲ್ಬಮ್ಮನ್ನು ಆ ಹುಡುಗರು ಮೂವತ್ತಾರು ನಿಮಿಷ ಆರು ಸೆಕೆಂಡಿನಲ್ಲಿ ನುಡಿಸಿದ್ದರು. ಕರ್ನಾಟಕದಲ್ಲೇ ಅತ್ಯಂತ ವಿಷಾದದ ಆಲ್ಬಮ್ ಎಂದರೆ ಇದೇ ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ‘ತೂಬಿ’ನ ಆಳವನ್ನು ಅಳೆದುಕೊಟ್ಟದ್ದು ಯಾರದೋ ಮದುವೆಯ ದೀಪಾಲಂಕಾರ.

ಸರಿಯಾದ ವೇಗದಲ್ಲಿ ಕೇಳಿದಳು. ಬಾವಿಯ ತಳದ ದನಿ ಇಲ್ಲ. ಇಪ್ಪತ್ತೆರಡರ ಒಬ್ಬ ಹುಡುಗ ಇದ್ದ, ಅವಸರದಲ್ಲಿ, ಯಾರೋ ಬಾಯಿ ಮುಚ್ಚಿಸುವ ಮೊದಲು ಹೇಳಿಬಿಡಬೇಕು ಎಂಬಂತೆ. ಚೆನ್ನಾಗಿತ್ತು. ಎಂಟು ತಾಳದ ಮೌನ ಇಲ್ಲಿಯೂ ಇತ್ತು. ಆದರೆ ಇದು ಬಸ್ಸಿನಲ್ಲಿ ತಾನು ಕೇಳಿದ ಹಾಡಲ್ಲ ಎಂದು ಅವಳಿಗೆ ಅನಿಸಿತು. ಮತ್ತೆ ಕ್ಯಾಸೆಟ್ಟಿನದನ್ನು ಹಾಕಿದಳು. ಸೀರಿಯಲ್ ಸೆಟ್ಟು, ಓಲಗ ಎಲ್ಲ ಗೊತ್ತಾದ ಮೇಲೆ ನಗು ಬರಬಹುದು ಎಂದುಕೊಂಡಿದ್ದಳು. ಬರಲಿಲ್ಲ. ಎಂಟು ತಾಳದಲ್ಲಿ ಉಸಿರು ಎಂದಿನಂತೆಯೇ ನಿಂತಿತು. ಗುಟ್ಟು ತಿಳಿದರೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮಣಿಕಂಠ ಖಂಡಿತ ತನ್ನ ನಿಜದ ದನಿಯೇ ಅಚ್ಚಾಗಲಿ ಎಂದು ಕೇಳುತ್ತಾನೆ. ಕೇಳುವ ಹಕ್ಕೂ ಅವನದೇ. ಆಗ ಮುಂದಿನವರಿಗೆ ‘ತೂಬು’ ಎಂದರೆ ಆ ಅವಸರದ ಹುಡುಗ, ಕ್ಯಾಸೆಟ್ಟಿನದು ದೋಷವಿದ್ದ ಹಳೆಯ ಕಾಪಿ. ಶನಿವಾರವಿಡೀ ಇಂದು ಬೇರೆ ಕೆಲಸ ಮಾಡುವವಳಂತೆ ನಟಿಸಿದಳು. ‘ಆ ದನಿ ನಂದಲ್ಲ’ ಎಂದು ಅವನು ಹೇಳಿದ್ದು ಅಕ್ಷರಶಃ ನಿಜ. ನಿಜ ಹೇಳಿದವನನ್ನೇ ಎಲ್ಲರೂ ಸೇರಿ ತಪ್ಪಿತಸ್ಥನನ್ನಾಗಿ ಮಾಡಿದ್ದರು, ಕ್ಯಾಸೆಟ್ಟನ್ನು ನಂಬಿ ತಂತಿ ಇಳಿಸಿಕೊಂಡ ಗೆಳೆಯನೂ ಸೇರಿ. ಗೊತ್ತಿದ್ದೂ ಸುಮ್ಮನಿರುವ ಮೊದಲನೆಯವಳು ತಾನಾಗಬೇಕೇ?

ಭಾನುವಾರ ವಾಜಿದ್‌ನನ್ನೂ ಕರೆದುಕೊಂಡೇ ಕೊಡಿಗೇಹಳ್ಳಿಗೆ ಹೋದಳು. ನಡುಮನೆಯಲ್ಲಿ ಸಣ್ಣ ಸ್ಪೀಕರ್ ಇಟ್ಟು, ತಾನು ಬಸ್ಸಿನಲ್ಲಿ ಸ್ಟಾಪು ಮರೆತದ್ದು, ಹಾಸ್ಟೆಲ್ ಗೋಡೆಗಳ ಮೇಲಿನ ಸಾಲುಗಳು, ಜನರೇಟರಿನ ಕಥೆ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಏನನ್ನೂ ಬಿಡದೆ ಹೇಳಿದಳು. ಮಣಿಕಂಠ ಕೇಳುತ್ತ ವಾಜಿದ್‌ನ ಕಡೆ ತಿರುಗಿದ.

"ಎತ್ತಿನ ಕೊಟ್ಗೆಗೆಲ್ಲಾ ಲೈಟ್ ಆಕಿದ್ಯೇನೋ?"

"ಪಾರ್ಟಿ ಕೇಳಿದ್ರು ಮಗಾ. ನಾನೇನ್ ಮಾಡ್ಲಿ?"

"ನಿನ್ ಮನೆ ಕಾಯೋಗ."

ಇಂದು ಸರಿಯಾದ ವೇಗದ ಹಾಡನ್ನು ಹಾಕಿದಳು. ಎರಡು ಸಾಲು ಮುಗಿಯುವುದರೊಳಗೆ ನಾರಾಯಣಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಇದು ನಮ್ ಮಣಿ. ಆವತ್ತಿನ್ ಕ್ಯಾಸೆಟ್ಟಾಗಿದ್ದೋನು ಯಾರೋ ದೊಡ್ಡೋರ್ ಇರ್ಬೇಕು ಅಂತ ನಾನ್ ಸುಮ್ಕಿದ್ದೆ."

"ಅವತ್ತೇ ಯೋಳ್ಬಾರ್ದೇನವ್ವ?"

"ನನ್ ಮಾತು ಯಾರ್ ಕೇಳ್ತಿದ್ರು?"

ಹಾಡು ಮುಗಿಯಿತು. ಮಣಿಕಂಠ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಯಾರೂ ಅವನನ್ನು ನೋಡಲಿಲ್ಲ, ನೋಡದಿರುವುದು ಕಷ್ಟವಾಗಿತ್ತು.

"ಆ ಯಶವಂತಂಗೆ ಕೇಳುಸ್ಬೇಕಾಗಿತ್ತು," ಎಂದ ಕೊನೆಗೆ. "ಮೇಲಕ್ಕೋಗಿದ್ದು ನಾನಲ್ಲ ಕಣೋ ಅಂತ."

ಇಂದು ಕಾಗದ ಮುಂದಿಟ್ಟಳು. ಅಚ್ಚಿಗೆ ಯಾವುದು ಹೋಗಬೇಕು ಎಂಬ ಜಾಗವನ್ನು ಖಾಲಿ ಬಿಟ್ಟುಕೊಂಡೇ ಬಂದಿದ್ದಳು. "ನೀವು ಹೇಳಿದ್ದೇ ಸರ್. ಇದೇ ಹೋಗ್ಲಿ ಅಂದ್ರೆ ಇದೇ ಹೋಗುತ್ತೆ."

"ಆ ಇನ್ನೊಂದು ಆಕು. ಕ್ಯಾಸೆಟ್ಟಿಂದು."

ಹಾಕಿದಳು. ಮೂವತ್ತಾರು ವರ್ಷದಲ್ಲಿ ಅವನು ಅದನ್ನು ಪೂರ್ತಿ ಕೇಳಿದ್ದು ಇದೇ ಮೊದಲು. ಮೊದಲರ್ಧ ಬಾಗಿಲಿನ ಕಡೆ ನೋಡುತ್ತ ಕೇಳಿದ. ಎಂಟು ತಾಳದ ಹೊತ್ತಿಗೆ ತಲೆ ತಗ್ಗಿಸಿದ್ದ. ವಾಜಿದ್ ತಾಳ ಎಣಿಸುತ್ತ ಬೆರಳು ಮಡಿಸುತ್ತಿದ್ದ.

"ಚೆನ್ನಾಗೈತಲ್ಲೋ," ಎಂದ ಮಣಿಕಂಠ, ಬೇರೆ ಯಾರದೋ ಹಾಡು ಕೇಳಿದವನ ಹಾಗೆ. "ಇಷ್ಟ್ ದಿನ ಇವುನ್ನ ನಾನು ಕಾಂಪಿಟೇಸನ್ ಅನ್ಕಂಡಿದ್ದೆ. ಇವ್ನು ಭಾಳಾ ಚೆನ್ನಾಗಿ ಆಡ್ತಾನೆ."

"ನೀವೇ ಸರ್ ಅದು."

"ಅಲ್ಲ ಅಂತ ನೀನೇ ತಾನೇ ಈಗ ಯೋಳಿದ್ದು?" ಅವನು ನಕ್ಕ. "ಬಸ್ಸಿಂದ ಇಳೀದಂಗೆ ನಿನ್ನ ಕೂರ್ಸಿದ್ದು ಇವ್ನು. ಅಷ್ಟೂ ಉಡುಗ್ರು ಗೋಡೆ ಮೇಲೆ ಬರ್ಕಂಡಿರಾದೂ ಇವ್ನ್ನೇ. ಇವ್ನೇ ಓಗ್ಲಿ. ಕವರಿನ್ ಮೇಲೆ ಮಾತ್ರ ಮದ್ವೆ, ಜನರೇಟರು, ಸೀರಿಯಲ್ ಸೆಟ್ಟು, ಎಲ್ಲಾ ಸರಿಯಾಗಿ ಬರೀಬೇಕು."

"ಏಯ್, ನನ್ ಮರ್ಯಾದೆ ಗುರು," ಎಂದ ವಾಜಿದ್.

"ದಪ್ಪಕ್ಷರದಾಗೆ ಬರಿಯಮ್ಮ."

ಖಾಲಿ ಜಾಗದಲ್ಲಿ ‘ಕ್ಯಾಸೆಟ್ಟಿನಲ್ಲಿರುವಂತೆ’ ಎಂದು ಇಂದು ಬರೆದಳು. ಮಣಿಕಂಠ ಕೆಳಗೆ ಸಹಿ ಹಾಕಿ ಪೆನ್ನು ಜೇಬಿಗಿಟ್ಟುಕೊಂಡ.

"ಈಗ ನಂದಾಕು. ಸ್ಪೀಡಾಗಿರೋದು."

ಬೇಸ್ ಶುರುವಾಯಿತು. ಅವನು ಎದ್ದು ನಿಂತು ಲುಂಗಿ ಸರಿಮಾಡಿಕೊಂಡ. ಮೊದಲ ಸಾಲನ್ನು ಬಾಯೊಳಗೇ ಅಂದುಕೊಂಡ. ಎರಡನೆಯದಕ್ಕೆ ದನಿ ಹೊರಬಂತು, ಒಡೆಯಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಒಳಗೆ ಇಣುಕಿದರು. ಅವನು ಕೈಯೆತ್ತಿ, "ಇನ್ನೊಂದ್ಸಲ ಮೊದ್ಲಿಂದ ಬಿಡಮ್ಮ," ಎಂದ.