ನೀಲಿಯ ಮೇಲೆ ಏಳು ಗೆರೆ

ಬೀದರಿನಲ್ಲಿ ಸುಜಾತಾಳ ಚಿತ್ರಪ್ರದರ್ಶನ ನಡೆದಿತ್ತು. ನಡುವಿನ ದೊಡ್ಡ ಕ್ಯಾನ್ವಾಸಿನ ತುಂಬ ಕಪ್ಪಿಗೆ ತಿರುಗಿದ ನೀಲಿ, ಅದರ ಮೇಲೆ ಅಡ್ಡಡ್ಡ ಏಳು ಕೆಂಪು ಗೆರೆ. ತಿಳಿದವರು ಬಂದು ಗಡ್ಡ ನೀವಿಕೊಂಡರು, ಗೆರೆಯಲ್ಲಿ ಎಂಥ ಆವೇಗ ಎಂದು ಹೊಗಳಿದರು, ಚಹಾ ಕುಡಿದು ಹೋದರು. ಅದೇನೆಂದು ಒಬ್ಬರಿಗೂ ತಿಳಿಯಲಿಲ್ಲ. ತಿಳಿಯಬಾರದೆಂದೇ ಅವಳು ಹಾಗೆ ಬರೆದಿದ್ದಳು. ಅಪ್ಪ ಹೊಡೆಯುವ ಮಾತು ಹೊರಗೆ ಹೋದರೆ ನನ್ನ ಹೆಣ ನೋಡ್ತಿ ಎಂದು ತಾಯಿ ಜನಾಬಾಯಿ ತಲೆ ಮುಟ್ಟಿಸಿಕೊಂಡು ಆಣೆ ಹಾಕಿಸಿದ್ದಳು. ಬಾಯಿಗೆ ಬೀಗ ಬಿದ್ದ ಮೇಲೆ ಸಿಟ್ಟೆಲ್ಲ ಕೈಗಿಳಿದಿತ್ತು.

ಮಗಳು ದೊಡ್ಡ ಹೆಸರು ಮಾಡಿದಳೆಂದು ಬೀಗುತ್ತ ಅಪ್ಪ ವೈಜಿನಾಥ ಔರಾದ ಕಡೆಯ ಚಿಂತಾಕಿಯಿಂದ ಬಂದ. ಕುರಿಗಾರ. ಸೊಪ್ಪು ಸವರುವ ಕೊಡಲಿ ಹೆಗಲು ಬಿಟ್ಟದ್ದೇ ಇಲ್ಲ, ಕಾವಲುಗಾರ ಬಾಗಿಲಲ್ಲಿ ಇಡಿಸಿಕೊಂಡ. ಚಿಂತಾಕಿಯ ಕುರಿಗಾರರು ಕುರಿಯ ಬೆನ್ನಿಗೆ ತಂತಮ್ಮ ಮನೆಯ ಬಣ್ಣ ಹಚ್ಚುತ್ತಾರೆ. ವೈಜಿನಾಥನದು ನೀಲಿ, ಹಳೆಯ ವೈರಿ ಹಣಮಂತಪ್ಪನದು ಕೆಂಪು. ಹೋದ ತಿಂಗಳು ವೈಜಿನಾಥನ ಏಳು ಕುರಿ ಕಾಣೆಯಾಗಿದ್ದವು. ಅವನು ಚಿತ್ರದ ಮುಂದೆ ನಿಂತು ಬೆರಳು ಮಡಚಿ ಗೆರೆ ಎಣಿಸಿದ.

“ನಮ್ಮ ನೀಲಿ ಮ್ಯಾಲ ಹಣಮ್ಯಾ ತನ್ನ ಕೆಂಪು ಎಳದಾನ. ಗೊತ್ತಿದ್ದೂ ಯಾಕ ಹೇಳಲಿಲ್ಲ?”

ಅದಲ್ಲ ಎಂದಳು ಸುಜಾತಾ. ಮತ್ತೇನು ಎಂದು ಅವನು ಕೇಳಿದ. ಆಣೆ ನೆನಪಾಗಿ ಅವಳು, ಬರೀ ಬಣ್ಣ ಎಂದಳು. ಅವನು ಕೊಡಲಿ ಎತ್ತಿಕೊಂಡು ಹೊರಟ. ಅಂದು ಭಾಲ್ಕಿಯ ಸಂತೆ, ಹಣಮಂತಪ್ಪ ಕುರಿ ಮಾರಲು ಅಲ್ಲಿರುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಸುಜಾತಾ ಮುಂದಿನ ಬಸ್ಸು ಹಿಡಿದು ಬೆನ್ನಟ್ಟಿ ಮುಟ್ಟುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು. ಹಣಮಂತಪ್ಪನ ಹೆಗಲು ಸೀಳಿ, ಬಿಳಿ ಅಂಗಿ ಸೊಂಟದವರೆಗೆ ನೆತ್ತರಲ್ಲಿ ತೊಯ್ದಿತ್ತು. ಕುರಿಗಳು ನೆಲಕ್ಕೆ ಬಿದ್ದ ಅವನನ್ನು ತುಳಿದುಕೊಂಡೇ ಚದುರಿದವು. ಜನ ಸುತ್ತ ನಿಂತು ನೋಡಿದರೇ ಹೊರತು ಯಾವ ಗಂಡಸೂ ಮುಂದೆ ಬರಲಿಲ್ಲ. ವೈಜಿನಾಥ ತಲೆಗೆ ಗುರಿಯಿಟ್ಟು ಮತ್ತೆ ಎತ್ತಿದ. ಸುಜಾತಾ ನಡುವೆ ನುಗ್ಗಿದಳು. ತಾಯಿಯ ಆಣೆಯೋ, ಬಿದ್ದವನ ಜೀವವೋ ಎಂದು ತೂಗಲು ಹೊತ್ತಿರಲಿಲ್ಲ.

“ಅದು ಕುರಿ ಅಲ್ಲಪ್ಪಾ. ಅವ್ವನ ಬೆನ್ನ ಅದ. ನೀಲಿ ಬಾವು, ಕೆಂಪು ನಿನ್ನ ಹಗ್ಗ.”

ಸಂತೆಯೆಲ್ಲ ಕೇಳಿತು. ವೈಜಿನಾಥ ಕೊಡಲಿ ತಿರುಗಿಸಿ, ಮರದ ಕಾವಿನಿಂದ ಅವಳ ಬಲಗೈ ಮಣಿಕಟ್ಟಿಗೆ ಹೊಡೆದ. ಮೂಳೆ ಮುರಿಯಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಜನ ಅವನ ಮೇಲೆ ಬಿದ್ದರು.

ಸಂಜೆ ಜನಾಬಾಯಿ ಠಾಣೆಗೆ ಬಂದಳು. ಅಷ್ಟರಲ್ಲಿ ಬಸ್ಸಿನಲ್ಲೇ ನಾಲ್ಕು ಜನ ಅವಳಿಗೆ ಎಲ್ಲ ಹೇಳಿದ್ದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಸುಜಾತಾಳಿಗೆ ತಲೆ ಎತ್ತಲು ಧೈರ್ಯವಾಗಲಿಲ್ಲ. ತಾಯಿ ಅವಳನ್ನು ದಾಟಿ, ಕುರಿ ಜಗಳವೆಂದು ಬರೆಯುತ್ತಿದ್ದ ಮಹಿಳಾ ಪೇದೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತು, ಸೆರಗು ಇಳಿಸಿದಳು.

“ಅದು ಆಮ್ಯಾಲ ಬರ್ಕೋರಿ. ಮೊದ್ಲ ಇದು ಬರ್ಕೋರಿ.”