ಚುಕ್ಕಾಣಿ ಪಕ್ಕದ ಜಾಗ

"ತಿರುಗ್ತಾನೇ ಇಲ್ಲ!" ಚುಕ್ಕಾಣಿಯನ್ನು ಪೂರ್ತಿ ತಳ್ಳಿ ಹಿಡಿದು ಮಗಳು ಕೂಗಿದಳು.

ಈ ಸಲವೂ ದೋಣಿಯ ಮೂತಿ ಗಾಳಿಗೆ ಎದುರಾದಂತೆ ಮಾಡಿ, ಅರ್ಧಕ್ಕೇ ಮನಸ್ಸು ಬದಲಿಸಿ ವಾಪಸು ಹೊರಳಿತು. ಹಾಯಿ ಪಟಪಟ ಬಡಿದುಕೊಂಡಿತು. ಅಪ್ಪನನ್ನು ಮಣ್ಣು ಮಾಡುವ ಜಾಗ ಆಚೆ ದಡದಲ್ಲಿತ್ತು; ಗಾಳಿ ಅತ್ತಲಿಂದಲೇ ಬರುತ್ತಿದ್ದುದರಿಂದ ಓರೆಯಾಗಿ ತಿರುಗಿ ತಿರುಗಿಯೇ ಹೋಗಬೇಕಿತ್ತು. ಸಮುದ್ರದ ಇಳಿತದ ಹೊತ್ತು, ನೀರು ತಗ್ಗುತ್ತಿತ್ತು. ಇನ್ನೂ ತಡವಾದರೆ ದೋಣಿ ಕೆಸರಿನಲ್ಲಿ ಕೂತು, ಅಪ್ಪ ಈ ದಡಕ್ಕೂ ಇಲ್ಲ, ಆ ದಡಕ್ಕೂ ಇಲ್ಲ ಎಂದಾಗುತ್ತಿತ್ತು.

ತಪ್ಪು ದೋಣಿಯದಲ್ಲ. ಜೀವಮಾನವಿಡೀ ಊರವರನ್ನು ದಾಟಿಸಿದವನು ತನ್ನ ಜಾಗದಲ್ಲೇ ಹೋಗಲಿ ಎಂದು ಅಮ್ಮ ಶವದ ಪೆಟ್ಟಿಗೆಯನ್ನು ತೀರಾ ಹಿಂದೆ, ಚುಕ್ಕಾಣಿಯ ಪಕ್ಕ ಇಡಿಸಿದ್ದಳು. ಮಗಳೂ ಅಲ್ಲೇ ಕೂತಿದ್ದಳು. ಹಿಂಬದಿ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಮೇಲೆದ್ದ ಮೂತಿಯನ್ನು ಗಾಳಿ ಸಲೀಸಾಗಿ ತಳ್ಳಿಬಿಡುತ್ತಿತ್ತು.

"ಅಮ್ಮಾ, ಅಪ್ಪನ್ನ ನಡುವಿಗೆ ತರ್ಬೇಕು."

"ಮುಟ್ಟಿದ್ರೆ ನೋಡು! ಅದು ಅವರ ಜಾಗ. ಹೋಗೋ ದಿನ ಎಬ್ಬಿಸ್ತೀಯಾ?"

"ಅತ್ತಿಗೆ ಹೇಳೋದೂ ಸರಿ," ಎಂದ ಚಿಕ್ಕಪ್ಪ. ಯಾರು ಜೋರಾಗಿ ಹೇಳಿದರೂ ಅವನಿಗೆ ಸರಿಯೇ.

* * *

ಮದುವೆಯಾದ ದಿನ ಅಮ್ಮ ಗಂಡನ ಮನೆ ಮೊದಲು ತನಗೇ ಕಾಣಲಿ ಎಂದು ದೋಣಿಯ ತುತ್ತತುದಿಯಲ್ಲಿ ಹೋಗಿ ಕೂತಿದ್ದಳು. ಮೂತಿ ನೀರಿಗೆ ಮುಳುಗಿ ಅಲೆ ಒಳಗೆ ನುಗ್ಗಿ, ಹೊಸ ಬಟ್ಟೆಯೆಲ್ಲ ಒದ್ದೆ.

"ನಡುವಿಗೆ ಬಾ," ಎಂದ ಅಪ್ಪ.

"ನಾನೇನು ಹೆಂಡ್ತಿನಾ, ಮೂಟೆನಾ?"

"ದಡ ಸೇರೋವರೆಗೆ ಮೂಟೆ. ಆಮೇಲೆ ಹೆಂಡ್ತಿ."

ಆ ಮಾತಿಗೆ ಅಮ್ಮ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಅದನ್ನೇ ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ನಗುತ್ತಿದ್ದಳು.

* * *

ಹಿಂಬದಿಯ ಅಂಚು ದಾಟಿ ನೀರು ಒಳಗೆ ಬಂತು, ಪೆಟ್ಟಿಗೆಯ ಬುಡ ತೋಯಿತು.

"ನೀನೂ ಅವತ್ತು ನಡುವಿಗೆ ಬಂದಿದ್ದೆ ಅಲ್ವೇನಮ್ಮಾ?"

ಅಮ್ಮ ಮಗಳನ್ನು ದುರುಗುಟ್ಟಿ ನೋಡಿದಳು. "ಮೆಲ್ಲಗೆ ಎತ್ರೋ," ಎಂದಳು.

ಚಿಕ್ಕಪ್ಪನೂ ಮಗಳೂ ಸೇರಿ ಪೆಟ್ಟಿಗೆಯನ್ನು ನಡುವಿಗೆ ತಂದರು, ಮೂತಿ ಇಳಿಯಿತು. ಮಗಳು ವಾಪಸು ಬಂದು ಚುಕ್ಕಾಣಿ ತಳ್ಳಿದಳು. ದೋಣಿ ಮರುಮಾತಿಲ್ಲದೆ ತಿರುಗಿತು. ಪಕ್ಕದ ಜಾಗ ಖಾಲಿಯಾದದ್ದು ಕಂಡು ಅವಳಿಗೆ ಅಳು ನುಗ್ಗಿ ಬಂತು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಷ್ಟರಲ್ಲಿ ಗಾಳಿ ಭರ್ರನೆ ಬೀಸಿತು. ದೋಣಿ ವಾಲಿತು.

"ಚಿಕ್ಕಪ್ಪಾ, ಮೇಲಿನ ಕಡೆ!"

ಇಬ್ಬರೂ ಎದ್ದ ಅಂಚಿಗೆ ಏರಿ ಮೈ ಹಿಂದಕ್ಕೆ ಚೆಲ್ಲಿದರು. ಪೆಟ್ಟಿಗೆ ಮಾತ್ರ ತಗ್ಗಿನ ಕಡೆ ಕೂತಿದ್ದ ಅಮ್ಮನತ್ತ ಜಾರತೊಡಗಿತು. ಅಮ್ಮ ಬೆನ್ನನ್ನು ದೋಣಿಯ ಬದಿಗೆ ಒತ್ತಿ, ಎರಡೂ ಕಾಲುಗಳನ್ನು ಪೆಟ್ಟಿಗೆಗೆ ಕೊಟ್ಟು, ಹಲ್ಲು ಕಚ್ಚಿ ತಳ್ಳಿದಳು.

"ಅತ್ತಿಗೇ, ಅಣ್ಣನಿಗೆ ಕಾಲು ತಾಗಿಸ್ತಿದ್ದೀರಿ!"

"ಗೊತ್ತು. ನೀನು ನಿನ್ನ ಕಡೆ ನೋಡ್ಕೋ."

ಗಾಳಿ ತಗ್ಗಿ ದೋಣಿ ನೆಟ್ಟಗಾಯಿತು. ದಡ ಹತ್ತಿರವಾಗುತ್ತಿತ್ತು. ಅಮ್ಮ ಕಾಲು ತೆಗೆಯಲಿಲ್ಲ. ಬಿರುಕುಬಿಟ್ಟ ಎರಡು ಪಾದಗಳು ಒದ್ದೆ ಹಲಗೆಗೆ ಒತ್ತಿಕೊಂಡೇ ಇದ್ದವು.